ಕೆಎ-20 ಕಾರಿಗೆ ಪ್ರೀಮಿಯಂ ಬೀಳುವ ಬಗೆ

ಹ್ಯುಂಡೈ ವೆನ್ಯೂ ಕಾರು ಎರಡು ಬಗೆಯ ಪೆಟ್ರೋಲ್ ಎಂಜಿನ್‌ನಲ್ಲಿ ಬಂದಿದೆ. ಒಂದು 1197 ಸಿಸಿಯದು, ಶಕ್ತಿ ಸುಮಾರು 83 ಪಿಎಸ್. ಇನ್ನೊಂದು 998 ಸಿಸಿಯ ಟರ್ಬೊ, 120 ಪಿಎಸ್. ಮಣಿಪಾಲದ ಟೈಗರ್ ಸರ್ಕಲ್‌ನಿಂದ ಪರ್ಕಳದ ಕಡೆಗೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮುಂದೆ ಹೋಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಥರ್ಡ್ ಪಾರ್ಟಿ ವಿಮೆಗೆ ಮೊದಲನೆಯದು ವರ್ಷಕ್ಕೆ 3,416 ರೂಪಾಯಿ ಕಟ್ಟಬೇಕು, ಟರ್ಬೊ ಕಾರು 2,094 ಕಟ್ಟಿದರೆ ಸಾಕು. ಹೆಚ್ಚು ಓಡುವ ಕಾರಿಗೆ ಕಡಿಮೆ ಹಣ. ಇದು ಕಂಪನಿಯ ತಪ್ಪೂ ಅಲ್ಲ, ಏಜೆಂಟರ ಕೈಚಳಕವೂ ಅಲ್ಲ. ಸರ್ಕಾರದ ದರಪಟ್ಟಿಗೆ ಎಂಜಿನ್‌ನ ಸಿಸಿ ಮಾತ್ರ ಕಾಣುತ್ತದೆ, ಅದರ ಶಕ್ತಿ ಕಾಣುವುದಿಲ್ಲ. 1000 ಸಿಸಿಯ ಗೆರೆಯಿಂದ ಎರಡು ಸಿಸಿ ಕೆಳಗೆ ನಿಂತ ಕಾರು ಅದರ ಲೆಕ್ಕದಲ್ಲಿ ಸಣ್ಣ ಕಾರು.

ಯಾವ ಕಾರು ಎಷ್ಟು ಅಪಾಯದ್ದು, ಆ ಅಪಾಯಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರವಿಲ್ಲ. ಪಾಲಿಸಿಯ ಹಾಳೆಯಲ್ಲಿ ಎರಡು ಪ್ರತ್ಯೇಕ ಲೆಕ್ಕಗಳಿರುತ್ತವೆ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ, ನಮ್ಮದೇ ಕಾರಿಗೆ ಆಗುವ ಹಾನಿಗೆ ಓನ್ ಡ್ಯಾಮೇಜ್. ಎರಡೂ ಸೇರಿದ ಪಾಲಿಸಿಯನ್ನು ಊರಿನಲ್ಲಿ ಫುಲ್ ಇನ್ಶೂರೆನ್ಸ್ ಅಥವಾ ಫಸ್ಟ್ ಪಾರ್ಟಿ ಎನ್ನುತ್ತಾರೆ. ಮೊದಲ ಲೆಕ್ಕವನ್ನು ಸರ್ಕಾರ ಹಾಕುತ್ತದೆ, ಅದು ಎಲ್ಲರ ಕಣ್ಣೆದುರಿಗಿದೆ. ಎರಡನೆಯದನ್ನು ಕಂಪನಿ ಹಾಕುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಹೆಚ್ಚಿನವರು ಕೆಳಗಿನ ಒಟ್ಟು ಮೊತ್ತವನ್ನಷ್ಟೇ ನೋಡಿ, ಹೋದ ವರ್ಷಕ್ಕಿಂತ ಹೆಚ್ಚಾಯಿತಲ್ಲ ಎಂದು ಏಜೆಂಟರ ಹತ್ತಿರ ಜಗಳಾಡುತ್ತಾರೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಊರು ನಮ್ಮ ಉಡುಪಿ. ಠೇವಣಿಯ ಕಾಲು ಪರ್ಸೆಂಟ್ ಬಡ್ಡಿಗಾಗಿ ಮೂರು ಬ್ಯಾಂಕ್ ಸುತ್ತುವ ಜನ ವಾಟ್ಸ್ಯಾಪ್‌ನಲ್ಲಿ ಬಂದ ಪಾಲಿಸಿಯ ಪಿಡಿಎಫ್ ತೆರೆದು ನೋಡುವುದಿಲ್ಲ ಎಂಬುದು ನನಗೆ ಯಾವತ್ತೂ ಸೋಜಿಗ.

ಮೊದಲು ಥರ್ಡ್ ಪಾರ್ಟಿಯ ವಿಷಯ. ಉಡುಪಿ ಇನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇದ್ದ ಕಾಲದಲ್ಲಿ, 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಈ ವಿಮೆ 1946ರಿಂದ ಕಡ್ಡಾಯವಾಯಿತು. ಈಗಿರುವುದು 1988ರ ಕಾಯ್ದೆಯ 146ನೇ ಕಲಂ. ದರ ನಿಗದಿ ಮಾಡುವ ಕೆಲಸ ಬಹುಕಾಲ ವಿಮಾ ನಿಯಂತ್ರಕರದಾಗಿತ್ತು. 2019ರ ತಿದ್ದುಪಡಿಯ ಮೇಲೆ ಅದು ಕೇಂದ್ರ ಸರ್ಕಾರಕ್ಕೆ ಹೋಯಿತು. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಜೊತೆ ಸಮಾಲೋಚಿಸಿ ಸರ್ಕಾರ ದರ ಗೊತ್ತು ಮಾಡಬೇಕು. ಹಾಗೆ ಹೊರಟು 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ಮೂರೇ ಮೆಟ್ಟಿಲು. 1000 ಸಿಸಿವರೆಗೆ 2,094 ರೂಪಾಯಿ, ಅಲ್ಲಿಂದ 1500ರವರೆಗೆ 3,416, ಅದರ ಮೇಲೆ 7,897. ಆದ್ದರಿಂದ ವ್ಯಾಗನ್ ಆರ್ ಕಾರನ್ನೇ 998 ಸಿಸಿಯಲ್ಲಿ ಕೊಂಡರೆ ಒಂದು ದರ, 1197 ಸಿಸಿಯಲ್ಲಿ ಕೊಂಡರೆ ಇನ್ನೊಂದು. ಕಾರ್ಕಳದ ತೋಟದ ದಾರಿಗಳಲ್ಲಿ ಕಾಣುವ ಬೊಲೆರೊ 1493 ಸಿಸಿ, ಹಾಗಾಗಿ ನಡುವಿನ ಮೆಟ್ಟಿಲು. ಇನ್ನೋವಾ ಕ್ರಿಸ್ಟಾ 2393 ಸಿಸಿ, ಅದಕ್ಕೆ ಮೇಲಿನದು.

ವಿದ್ಯುತ್ ಕಾರುಗಳ ಕಥೆ ಇನ್ನೂ ವಿಚಿತ್ರ. ಇವುಗಳಿಗೆ ಶೇಕಡಾ 15 ರಿಯಾಯಿತಿ ಎಂದು ದೊಡ್ಡದಾಗಿ ಹೇಳಲಾಗಿತ್ತು. ರಿಯಾಯಿತಿ ಇರುವುದು ನಿಜ. ಆದರೆ ಇಲ್ಲಿ ಅಳತೆಗೋಲು ಬದಲಾಯಿತು. ಸಿಸಿ ಇಲ್ಲದ ಮೋಟರಿಗೆ ಕಿಲೋವ್ಯಾಟ್ ಹಿಡಿದರು: 30ರವರೆಗೆ 1,780 ರೂಪಾಯಿ, 65ರವರೆಗೆ 2,904, ಮೇಲೆ 6,712. ಟಿಯಾಗೊ ಇವಿ ನಡುವಿನ ಗುಂಪಿನಲ್ಲಿ ಬಂದು ಬದುಕಿಕೊಂಡಿತು. ನೆಕ್ಸಾನ್ ಇವಿಯ ಮೋಟರ್ 65 ಕಿಲೋವ್ಯಾಟ್ ದಾಟುತ್ತದೆ, ಆದ್ದರಿಂದ 6,712. ಅದೇ ನೆಕ್ಸಾನ್ ಪೆಟ್ರೋಲ್ ಕಾರು 1199 ಸಿಸಿಯದು, ಸುಮಾರು ಅಷ್ಟೇ ಶಕ್ತಿಯದು, ಅದಕ್ಕೆ 3,416. ಪೆಟ್ರೋಲ್ ಕಾರನ್ನು ಸಿಸಿಯಲ್ಲೂ ವಿದ್ಯುತ್ ಕಾರನ್ನು ಶಕ್ತಿಯಲ್ಲೂ ಅಳೆದರೆ ಹೀಗಾಗದೆ ಇನ್ನೇನಾಗುತ್ತದೆ? ರಿಯಾಯಿತಿ ಕಳೆದ ಮೇಲೂ ದರ ಹೆಚ್ಚುಕಡಿಮೆ ದುಪ್ಪಟ್ಟು.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಕಟ್ಟಬೇಕೆಂಬ ನಿಯಮ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಬಂತು. 2022ರ ಪಟ್ಟಿಯಲ್ಲಿ ನಡುವಿನ ಗುಂಪಿನ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ. ಒಂದು ವರ್ಷದ ದರವನ್ನು ಮೂರರಿಂದ ಗುಣಿಸಿ ನೋಡಿ, 10,248 ಬರುತ್ತದೆ. ಸಗಟಾಗಿ ಕೊಂಡವನಿಗೆ ಇಲ್ಲಿ ಬೆಲೆ ಹೆಚ್ಚು. ಮುಂದಿನ ವರ್ಷಗಳಲ್ಲಿ ಪರಿಹಾರದ ಮೊತ್ತ ಏರುತ್ತದೆ, ಆಗ ಪ್ರೀಮಿಯಂ ಏರಿಸಲು ಬರುವುದಿಲ್ಲ ಎಂಬ ಎಚ್ಚರಿಕೆಯನ್ನು ದರದೊಳಗೇ ಸೇರಿಸಿದ್ದಾರೆ.

ಇನ್ನು ಬಾಡಿಗೆ ವಾಹನಗಳು. 1000ರಿಂದ 1500 ಸಿಸಿಯ ಟ್ಯಾಕ್ಸಿಗೆ 7,940 ರೂಪಾಯಿ, ಅದರ ಮೇಲೆ ಪ್ರತಿ ಪ್ರಯಾಣಿಕನ ಲೆಕ್ಕಕ್ಕೆ 978. ನಾಲ್ವರು ಪ್ರಯಾಣಿಕರ ಟ್ಯಾಕ್ಸಿಗೆ ಒಟ್ಟು 11,852. ಅದೇ ಕಾರು ಬಿಳಿ ಬೋರ್ಡಿನಲ್ಲಿದ್ದರೆ 3,416. ಕಾಪು ದೀಪಸ್ತಂಭ, ಮಲ್ಪೆ ಬೀಚ್, ಕೃಷ್ಣ ಮಠ ನೋಡಲು ಬಂದವರಿಗೆ ಕೆಲವರು ಬಿಳಿ ಬೋರ್ಡಿನ ಕಾರನ್ನೇ ಬಾಡಿಗೆಗೆ ಬಿಡುತ್ತಾರೆ, ಹಳದಿ ಬೋರ್ಡಿನವರು ಅದನ್ನು ಸದಾ ದೂರುತ್ತಾರೆ. ಅವರ ದೂರಿನಲ್ಲಿ ನ್ಯಾಯವಿದೆ. ದಿನವಿಡೀ ಓಡುವ ಕಾರಿನ ಅಪಾಯಕ್ಕೆ ಮನೆಯ ಕಾರಿನ ದರ ಕಟ್ಟಿದಂತಾಗುತ್ತದೆ. ಅಪಘಾತವಾದ ದಿನ ಕಂಪನಿಯ ಸರ್ವೇಯರ್ ಬಂದು, ಒಳಗಿದ್ದವರು ಯಾರು, ಎಲ್ಲಿಂದ ಎಲ್ಲಿಗೆ ಹೊರಟಿದ್ದರು ಎಂದು ಕೇಳಿದಾಗ ಆ ಉಳಿತಾಯವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಬಾಡಿಗೆಗೆ ಓಡಿಸಿದ ಖಾಸಗಿ ಕಾರಿನ ಓನ್ ಡ್ಯಾಮೇಜ್ ಕ್ಲೈಮ್ ತಳ್ಳಿಹಾಕಲು ಅದೊಂದೇ ಕಾರಣ ಸಾಕು.

ಬಸ್ಸಿನ ದರ 14,343, ಮೇಲೆ ತಲೆಗೆ 877. ನಲವತ್ತು ಸೀಟಿನ ಬಸ್ಸಿಗೆ ತೆರಿಗೆಗೆ ಮೊದಲೇ 49,423 ರೂಪಾಯಿ. ನಿಟ್ಟೆ, ಮಣಿಪಾಲದ ಕಡೆಯ ಶಾಲಾ ಕಾಲೇಜು ಬಸ್ಸುಗಳಿಗೆ ಶೇಕಡಾ 15 ಕಡಿಮೆ. ಈ ರಿಯಾಯಿತಿಯನ್ನು ನಾನು ಒಪ್ಪುತ್ತೇನೆ. ಶಾಲೆಯ ಬಸ್ಸು ಬೆಳಿಗ್ಗೆ ಸಂಜೆ ಒಂದೇ ದಾರಿಯಲ್ಲಿ ಓಡುತ್ತದೆ. ಆದರೆ ಲೈನ್ ಬಸ್ಸುಗಳ ಮಾತು ಬೇರೆ. ಉಡುಪಿ ಮಂಗಳೂರು ದಾರಿಯಲ್ಲಿ ಟೈಮಿಂಗ್‌ಗಾಗಿ ಒಂದನ್ನೊಂದು ಹಿಂದೆ ಹಾಕುವ ಎಕ್ಸ್‌ಪ್ರೆಸ್ ಬಸ್ಸಿಗೂ, ಹತ್ತು ವರ್ಷದಿಂದ ಒಂದು ನಾಯಿಗೂ ತಾಗಿಸದ ಡ್ರೈವರ್‌ ಇರುವ ಬಸ್ಸಿಗೂ ಪಟ್ಟಿಯಲ್ಲಿ ಒಂದೇ ದರ. ಥರ್ಡ್ ಪಾರ್ಟಿಯಲ್ಲಿ ನೋ ಕ್ಲೈಮ್ ಬೋನಸ್ ಇಲ್ಲ. ಯಾರದೋ ಕಾಲು ಮುರಿದು ಟ್ರಿಬ್ಯೂನಲ್‌ನಲ್ಲಿ ಲಕ್ಷಗಟ್ಟಲೆ ಪರಿಹಾರ ಕೊಡಿಸಿದ ವಾಹನಕ್ಕೆ ಮರುವರ್ಷ ಹೆಚ್ಚು ದರ ಎಂಬುದೂ ಇಲ್ಲ. ಜೀವಕ್ಕೆ ಸಂಬಂಧಪಟ್ಟ ಅಪಾಯವನ್ನು ಸಿಸಿ ಮತ್ತು ಸೀಟಿನ ಲೆಕ್ಕದಲ್ಲಿ ಮುಗಿಸಿ, ಬಂಪರ್ ಪೇಂಟಿಗೆ ಸಂಬಂಧಪಟ್ಟ ಅಪಾಯಕ್ಕೆ ಮಾತ್ರ ಬೋನಸ್ಸು, ರಿಯಾಯಿತಿ, ವಿಶ್ಲೇಷಣೆ ಎಲ್ಲ ಇಟ್ಟುಕೊಂಡಿದ್ದೇವೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ದೊಡ್ಡ ದೋಷವಾಗಿ ಕಾಣುವುದು ಇದೇ.

ಓನ್ ಡ್ಯಾಮೇಜ್ ಲೆಕ್ಕದ ಬೇರು 2002ರ ಇಂಡಿಯಾ ಮೋಟರ್ ಟ್ಯಾರಿಫ್‌ನಲ್ಲಿದೆ. ಆ ಪುಸ್ತಕ ದೇಶವನ್ನು ಎರಡು ವಲಯ ಮಾಡಿತ್ತು. ಮುಂಬೈ, ದೆಹಲಿ, ಕೋಲ್ಕತಾ, ಚೆನ್ನೈ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆ ಎ ವಲಯ. ಉಳಿದ ಭಾರತವೆಲ್ಲ ಬಿ ವಲಯ, ಉಡುಪಿಯೂ ಅದರಲ್ಲೇ. ಐದು ವರ್ಷದೊಳಗಿನ, 1000ರಿಂದ 1500 ಸಿಸಿಯ ಕಾರಿಗೆ ಎ ವಲಯದಲ್ಲಿ ಕಾರಿನ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇಕಡಾ 3.283. ಬಿ ವಲಯದಲ್ಲಿ 3.191. ಆರು ಲಕ್ಷ ಐಡಿವಿಯ ಕಾರು ಹಿಡಿಯೋಣ. ಬೆಂಗಳೂರಿನಲ್ಲಿ 19,698 ರೂಪಾಯಿ, ಉಡುಪಿಯಲ್ಲಿ 19,146. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ಗೂ ಕಾಪು ಪೇಟೆಯ ಟ್ರಾಫಿಕ್‌ಗೂ ಇರುವ ಅಂತರಕ್ಕೆ ಆ ಪುಸ್ತಕ ಕಟ್ಟಿದ ಬೆಲೆ 552 ರೂಪಾಯಿ!

ಅದಕ್ಕಿಂತ ಸ್ವಾರಸ್ಯವಾದ ಮಾತು ಎಂದರೆ, ವಲಯ ನಿರ್ಧಾರವಾಗುವುದು ಕಾರು ಓಡುವ ಊರಿನಿಂದಲ್ಲ, ಅದು ನೋಂದಣಿಯಾದ ಆರ್‌ಟಿಒ ಕಚೇರಿಯಿಂದ. ಈ ಜಿಲ್ಲೆಯಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುವಂತಿದೆ. ಮಣಿಪಾಲದ ಹಾಸ್ಟೆಲ್‌ಗಳ ಹೊರಗೆ ದೆಹಲಿ, ಮಹಾರಾಷ್ಟ್ರ, ಕೇರಳ, ತೆಲಂಗಾಣದ ನಂಬರ್ ಪ್ಲೇಟ್‌ಗಳು ಸಾಲಾಗಿ ನಿಂತಿರುತ್ತವೆ. ಎಂಡ್ ಪಾಯಿಂಟ್ ರಸ್ತೆಯಲ್ಲೇ ವರ್ಷಪೂರ್ತಿ ಓಡಿದರೂ ದೆಹಲಿಯ ಕಾರು ದೆಹಲಿಯ ದರ ಕಟ್ಟುತ್ತದೆ. ಮುಂಬೈಯಲ್ಲಿ ಹೋಟೆಲ್ ಇಟ್ಟುಕೊಂಡು ನೇಮ, ಬ್ರಹ್ಮಕಲಶ, ಮದುವೆಯ ಸೀಸನ್‌ಗೆ ಊರಿಗೆ ಬರುವವರ ಎಂಎಚ್ ಕಾರುಗಳದ್ದೂ ಅದೇ ಕಥೆ. ಇತ್ತ ಉಡುಪಿ ಆರ್‌ಟಿಒದ ಕೆಎ-20 ನಂಬರ್ ಮಾಡಿಸಿಕೊಂಡು ಬೆಂಗಳೂರಿನಲ್ಲಿ ಕೆಲಸಕ್ಕೆ ಓಡಾಡುವ ಕಾರಿಗೆ ಊರಿನ ಅಗ್ಗದ ವಲಯ. ಒಂದೇ ರಾಜ್ಯವಾದ್ದರಿಂದ ನಂಬರ್ ಬದಲಾಯಿಸುವ ಪ್ರಶ್ನೆಯೂ ಬರುವುದಿಲ್ಲ. ಬೆಂಗಳೂರಿನ ಗುದ್ದಾಟದ ಖರ್ಚಿನ ಒಂದು ಪಾಲು ಹೀಗೆ ಕೆಎ-20ರ ಖಾತೆಗೆ ಬಂದು ಬೀಳುತ್ತದೆ. ಮುಂದೆ ಕಂಪನಿ ಆರ್‌ಟಿಒ ಲೆಕ್ಕ ತೆಗೆದಾಗ ಅದು ಕಾರ್ಕಳದಲ್ಲೇ ಓಡುವ ಕಾರಿನ ತಲೆಗೂ ಬರುವುದು ಸಹಜ.

2007ರ ಜನವರಿ 1ರಂದು ಓನ್ ಡ್ಯಾಮೇಜ್ ದರವನ್ನು ಈ ಟ್ಯಾರಿಫ್‌ನ ಹಿಡಿತದಿಂದ ಬಿಡಿಸಿದರು. ಅಂದಿನಿಂದ ಕಂಪನಿಗಳು ತಮ್ಮ ದರ ತಾವೇ ಹಾಕಬಹುದು. ಆದರೂ ಹಳೆಯ ಪುಸ್ತಕ ಸತ್ತಿಲ್ಲ. ಕಂಪ್ಯೂಟರಿನೊಳಗೆ ಅದೇ ದರ ಹಾಕಿ, ಅದರ ಮೇಲೆ ಇಷ್ಟು ಪರ್ಸೆಂಟ್ ಡಿಸ್ಕೌಂಟ್ ಎಂದು ತೋರಿಸುವ ಪದ್ಧತಿ ಉಳಿದುಕೊಂಡಿತು. ಕಾರಿನ ನಿಜವಾದ ರೇಟಿಂಗ್ ಇರುವುದು ಈ ಡಿಸ್ಕೌಂಟಿನ ಕಾಲಂನಲ್ಲಿ.

ಮೇಲಿನ ಆರು ಲಕ್ಷದ ಕೆಎ-20 ಕಾರನ್ನೇ ಮತ್ತೆ ತೆಗೆದುಕೊಳ್ಳಿ. ಪುಸ್ತಕದ ದರ 19,146. ಕಂಪನಿ ಆ ಮಾಡೆಲ್ಲಿಗೆ ಶೇಕಡಾ 60 ಬಿಟ್ಟಿತು ಎನ್ನಿ, ಉಳಿದದ್ದು 7,658. ಎರಡು ವರ್ಷ ಕ್ಲೈಮ್ ಮಾಡದ್ದಕ್ಕೆ ಶೇಕಡಾ 25 ಬೋನಸ್ ಕಳೆದರೆ 5,744. ಥರ್ಡ್ ಪಾರ್ಟಿ 3,416 ಸೇರಿಸಿ ಶೇಕಡಾ 18 ಜಿಎಸ್‌ಟಿ ಹಾಕಿದರೆ 10,809 ರೂಪಾಯಿ. ಪಕ್ಕದ ಮನೆಯವರದ್ದೂ ಆರು ಲಕ್ಷದ್ದೇ ಕಾರು, ಅಷ್ಟೇ ಸಿಸಿ, ಅಷ್ಟೇ ಬೋನಸ್, ಆದರೆ ಬೇರೆ ಮಾಡೆಲ್. ಅದಕ್ಕೆ ಕಂಪನಿ ಬಿಟ್ಟದ್ದು ಶೇಕಡಾ 40 ಮಾತ್ರ. ಅವರು ಕಟ್ಟುವುದು 14,198. ವಲಯದ ಅಂತರ ಪುಸ್ತಕದ ದರದಲ್ಲೇ 552 ಇತ್ತು, ಇಲ್ಲಿ ಮಾಡೆಲ್‌ನ ಅಂತರ 3,389 ಆಯಿತು. ಯಾಕೆ 40, ಯಾಕೆ 60? ಹಾಳೆಯಲ್ಲಿ ಬರೆದಿರುವುದಿಲ್ಲ. ಏಜೆಂಟರನ್ನು ಕೇಳಿದರೆ, "ಎಂತ ಮಾಡುವುದು ಮಾರಾಯ್ರೆ, ಸಿಸ್ಟಮ್‌ನಲ್ಲಿ ಅಷ್ಟೇ ಬರುವುದು" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೂ ಗೊತ್ತಿರುವುದಿಲ್ಲ.

ಸಿಸ್ಟಮ್‌ನ ಒಳಗೆ ಏನಿರುತ್ತದೆ ಎಂಬುದನ್ನು ಒಟ್ಟಾರೆಯಾಗಿ ಹೇಳಬಹುದು. ಆ ಮಾಡೆಲ್‌ನ ಕಾರುಗಳಿಗೆ ಹಿಂದಿನ ವರ್ಷಗಳಲ್ಲಿ ಎಷ್ಟು ಕ್ಲೈಮ್ ಬಂತು, ಒಂದೊಂದು ಕ್ಲೈಮ್‌ಗೆ ಎಷ್ಟು ಹಣ ಹೋಯಿತು, ಬಿಡಿಭಾಗ ಎಷ್ಟು ದುಬಾರಿ, ಡೀಸೆಲ್ಲೋ ಪೆಟ್ರೋಲೋ, ಯಾವ ಆರ್‌ಟಿಒ, ಕಾರಿಗೆ ಎಷ್ಟು ವಯಸ್ಸು, ಪಾಲಿಸಿ ನಡುವೆ ತಪ್ಪಿದೆಯೋ. ಡೀಸೆಲ್ ಕಾರು ಕೊಂಡವರು ಹೆಚ್ಚು ಓಡಿಸುತ್ತಾರೆ, ಹೆಚ್ಚು ಓಡಿದರೆ ಹೆಚ್ಚು ತಾಗುತ್ತದೆ ಎಂಬುದು ಕಂಪನಿಗಳ ತರ್ಕ. ದೆಹಲಿ ಸುತ್ತಮುತ್ತ ಕಳ್ಳರ ಕಣ್ಣಿಗೆ ಬಿದ್ದ ಎಸ್‌ಯುವಿ ಮಾಡೆಲ್‌ಗೆ ಅಲ್ಲಿ ಹೆಚ್ಚು ದರ. ರಾಡಾರ್, ಕ್ಯಾಮೆರಾ ಇಟ್ಟುಕೊಂಡ ಹೊಸ ಕಾರುಗಳಲ್ಲಿ ಬಂಪರ್ ಬದಲಾಯಿಸಿದರೆ ಸೆನ್ಸರ್ ಕೂಡ ಸರಿಹೊಂದಿಸಬೇಕು, ಗಾಜು ಬದಲಾಯಿಸಿದರೆ ಕ್ಯಾಮೆರಾ ಮತ್ತೆ ಕೂರಿಸಬೇಕು. ಸುರಕ್ಷತೆ ಹೆಚ್ಚಿಸುವ ಸಾಧನವೇ ರಿಪೇರಿ ಬಿಲ್ಲನ್ನೂ ಹೆಚ್ಚಿಸುತ್ತದೆ. ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನ ಐದು ಸ್ಟಾರ್ ಬಂದ ಕಾರಿಗೆ ವಿಮೆ ಅಗ್ಗವಾದೀತು ಎಂದು ನಂಬಿ ಕೂರಬೇಡಿ. ಸ್ಟಾರ್ ಅಳೆಯುವುದು ಒಳಗೆ ಕುಳಿತವರ ಜೀವ ಉಳಿಯುವ ಸಾಧ್ಯತೆಯನ್ನು. ಅದಕ್ಕೂ ಪ್ರೀಮಿಯಂಗೂ ನಮ್ಮಲ್ಲಿ ಕಾನೂನಿನ ಕೊಂಡಿ ಇಲ್ಲ.

ಬೇರೆ ಕೆಲವು ದೇಶಗಳು ಮಾಡೆಲ್‌ನ ಈ ರೇಟಿಂಗನ್ನು ಗುಟ್ಟಾಗಿ ಇಟ್ಟಿಲ್ಲ. ಬ್ರಿಟನ್ನಿನಲ್ಲಿ ಕಾರುಗಳನ್ನು 1ರಿಂದ 50ರವರೆಗಿನ ವಿಮಾ ಗುಂಪುಗಳಾಗಿ ವಿಂಗಡಿಸುವ ಪದ್ಧತಿ ಬಹುಕಾಲ ನಡೆಯಿತು. ಹದಿನೆಂಟರ ಹುಡುಗನೂ ಮೊದಲ ಕಾರು ಕೊಳ್ಳುವ ಮೊದಲು ಅದು ಯಾವ ಗುಂಪು ಎಂದು ನೋಡುತ್ತಿದ್ದ. ಈ ಕೆಲಸ ಮಾಡುವ ಥ್ಯಾಚಮ್ ರಿಸರ್ಚ್ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಹೊಸ ಪದ್ಧತಿ ತಂದಿತು. ಕಾರಿನ ವೇಗಶಕ್ತಿ, ಗುದ್ದಿದಾಗ ಹಾಳಾಗುವ ಪ್ರಮಾಣ, ರಿಪೇರಿಯ ಸುಲಭ, ಸುರಕ್ಷತೆ, ಕಳ್ಳತನದಿಂದ ರಕ್ಷಣೆ ಎಂಬ ಐದು ವಿಷಯಗಳಲ್ಲಿ 1ರಿಂದ 99ರವರೆಗೆ ಅಂಕ. ಹಾನಿಯ ಪರೀಕ್ಷೆಗಾಗಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಕಾರನ್ನು ಗುದ್ದಿಸಿ ರಿಪೇರಿಯ ಖರ್ಚನ್ನು ಎಣಿಸುವ ಪದ್ಧತಿಯೊಂದು ವಿಮಾ ಜಗತ್ತಿನಲ್ಲಿ ಮೊದಲಿಂದಲೂ ಇದೆ. ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಪಾರ್ಕಿಂಗ್ ಹುಡುಕುವವರಿಗೆ ಆ ವೇಗ ಚೆನ್ನಾಗಿ ಪರಿಚಿತ.

ಜರ್ಮನಿ ಇನ್ನೊಂದು ಹೆಜ್ಜೆ ಮುಂದಿದೆ. ಅಲ್ಲಿನ ವಿಮಾ ಕಂಪನಿಗಳ ಒಕ್ಕೂಟ ಪ್ರತಿ ವರ್ಷ ಮಾಡೆಲ್‌ವಾರು ದರ್ಜೆಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಥರ್ಡ್ ಪಾರ್ಟಿಗೆ 10ರಿಂದ 25ರವರೆಗೆ, ಪೂರ್ಣ ವಿಮೆಗೆ 10ರಿಂದ 34ರವರೆಗೆ. ಒಂದು ಮಾಡೆಲ್‌ನ ಕಾರುಗಳು ಹಿಂದಿನ ಮೂರು ವರ್ಷದಲ್ಲಿ ಬೇರೆಯವರಿಗೆ ಮಾಡಿದ ಹಾನಿ ಹೆಚ್ಚಿದ್ದರೆ ಆ ಮಾಡೆಲ್‌ನ ದರ್ಜೆ ಏರುತ್ತದೆ. ನಮ್ಮಲ್ಲಿ ಸಿಸಿಗೆ ಕಟ್ಟಿಹಾಕಿದ ಥರ್ಡ್ ಪಾರ್ಟಿಯನ್ನು ಅವರು ನಡತೆಗೆ ಕಟ್ಟಿದ್ದಾರೆ. ನೋಂದಣಿ ಜಿಲ್ಲೆಗಳಿಗೂ ಪ್ರತ್ಯೇಕ ದರ್ಜೆ ಇದೆ, ಸುಮಾರು 413 ಜಿಲ್ಲೆಗಳು. ನಮ್ಮ ಟ್ಯಾರಿಫ್ ಪುಸ್ತಕದಲ್ಲಿ ಎಂಟು ನಗರ ಬಿಟ್ಟರೆ ಕಾಶ್ಮೀರವೂ ಕಾರ್ಕಳವೂ ಒಂದೇ.

ಇನ್ನು ನಮ್ಮೂರಿನ ಅಪಾಯಗಳ ಕಡೆಗೆ ಬರೋಣ. ಎನ್‌ಎಚ್ 66 ಕಾಪು, ಕಟಪಾಡಿ, ಉಡುಪಿಯನ್ನು ಸೀಳಿಕೊಂಡು ಹೋಗುತ್ತದೆ. ಸಂತೆಕಟ್ಟೆ ಅಂಡರ್‌ಪಾಸ್ ಕೆಲಸ, ಮಣಿಪಾಲದ ದಾರಿಯ ಇಂದ್ರಾಳಿ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆದದ್ದನ್ನು ಇಲ್ಲಿಯ ಯಾವ ವಾಹನದವರೂ ಮರೆಯುವುದಿಲ್ಲ. ಮಲ್ಪೆಯಿಂದ ಹೊರಡುವ ಮೀನಿನ ಲಾರಿಗಳ ನೀರು ಹೆದ್ದಾರಿಗೆ ಸುರಿದು ಬೈಕುಗಳು ಜಾರುತ್ತವೆ. ಹೆಬ್ರಿ, ಸೋಮೇಶ್ವರ, ಮಾಳದ ಕಡೆ ಸಂಜೆ ಹೊತ್ತು ಕಾಡುಕೋಣ, ಹಂದಿ ಅಡ್ಡ ಬರುವುದುಂಟು. ಇವೆಲ್ಲ ಅಪಘಾತದ ಲೆಕ್ಕದಲ್ಲಿ ಓನ್ ಡ್ಯಾಮೇಜ್ ಪಾಲಿಸಿಯೊಳಗೆ ಬರುತ್ತವೆ. ಘಾಟಿಯಲ್ಲಿ ಗುಡ್ಡ ಜರಿದು ಕಾರಿನ ಮೇಲೆ ಬಿದ್ದರೆ ಅದೂ ಒಳಗೆ. ಅಂಗಳದಲ್ಲಿ ನಿಂತ ಕಾರಿನ ಮೇಲೆ ತೆಂಗಿನ ಮಡಲು ಬಿದ್ದು ಬಾನೆಟ್ ತಗ್ಗಾದರೆ ಅದೂ ಹೊರಗಿನಿಂದಾದ ಆಕಸ್ಮಿಕವೇ, ಸಂಕೋಚ ಪಡದೆ ಕ್ಲೈಮ್ ಮಾಡಬಹುದು.

ನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2020ರ ಸೆಪ್ಟೆಂಬರ್ 20ರ ಮಳೆ ಉಡುಪಿಯವರಿಗೆ ನೆನಪಿದ್ದೇ ಇದೆ. ಕಲ್ಸಂಕ, ಬೈಲಕೆರೆಯ ಕಡೆ ಒಂದೇ ರಾತ್ರಿಯಲ್ಲಿ ನೀರು ಮನೆಯೊಳಗೆ ನುಗ್ಗಿತು, ಅಂಗಳದ ಕಾರುಗಳೂ ಮುಳುಗಿದವು. ನೆರೆ ಪಾಲಿಸಿಯೊಳಗಿನ ಅಪಾಯವೇ. ಸೀಟು, ಕಾರ್ಪೆಟ್, ವೈರಿಂಗ್ ಹಾನಿಗೆ ಹಣ ಬರುತ್ತದೆ. ಆದರೆ ನೀರಿಳಿದ ಮೇಲೆ ಕಾರು ಸ್ಟಾರ್ಟ್ ಆಗುತ್ತದೋ ನೋಡೋಣ ಎಂದು ಕೀಲಿ ತಿರುಗಿಸಿದರೆ ಸಿಲಿಂಡರಿನೊಳಗೆ ಸೇರಿದ ನೀರು ಎಂಜಿನ್ ಒಳಗಿನ ರಾಡನ್ನು ಬಗ್ಗಿಸುತ್ತದೆ. ಸರ್ವೇಯರ್ ಅದನ್ನು ನೆರೆಯ ಹಾನಿ ಎನ್ನುವುದಿಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಮುಂದುವರಿದ ಹಾನಿ ಎನ್ನುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಹಣವಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇರುವುದು ಇದಕ್ಕಾಗಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ತಗ್ಗಿನಲ್ಲಿ ಮನೆ ಇರುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. ಕಡಲ ಗಾಳಿಯ ಉಪ್ಪಿಗೆ ಮಾತ್ರ ಯಾವ ಕವರೂ ಇಲ್ಲ. ಕಾಪು, ಮಲ್ಪೆ, ಪಡುಬಿದ್ರಿ ಕಡಲ ಬದಿಯ ಮನೆಗಳ ಕಾರಿನ ತಳ ತುಕ್ಕು ಹಿಡಿಯುವುದು ಸವಕಳಿಯ ಲೆಕ್ಕ, ಅದು ಮಾಲೀಕರದೇ ಖರ್ಚು.

ಹೀಗೆ ಉಡುಪಿಯ ಕಾರು ಅಗ್ಗದ ವಲಯದಲ್ಲಿದೆ, ಆದರೆ ಉಡುಪಿಯದೇ ಎನ್ನಬಹುದಾದ ಅಪಾಯಗಳಲ್ಲಿ ಎರಡು ಪಾಲಿಸಿಯ ಹೊರಗಿವೆ.

ಕ್ಲೈಮ್ ಮಾಡಿದಾಗ ಏನಾಗುತ್ತದೆ ಎಂಬುದನ್ನು ಒಂದು ಎಸ್ಟಿಮೇಟ್ ಹಿಡಿದು ನೋಡೋಣ. ಮೂರು ವರ್ಷದ ಕಾರು ಕಂಬಕ್ಕೆ ತಾಗಿದೆ. ಬಂಪರ್ 6,000, ಹೆಡ್‌ಲೈಟ್ 9,000, ಪೇಂಟಿಂಗ್ 8,000, ಕೂಲಿ 3,000, ಒಟ್ಟು 26,000 ರೂಪಾಯಿ. ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳಿಗೆ ಅರ್ಧ ಸವಕಳಿ, ಆದ್ದರಿಂದ ಬಂಪರಿನಲ್ಲಿ 3,000, ಲೈಟಿನಲ್ಲಿ 4,500 ಕಡಿತ. ಪೇಂಟಿಂಗ್‌ನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, ಅಂದರೆ 1,000 ಕಡಿತ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ ಇನ್ನೊಂದು 1,000. ಕಂಪನಿ ಕೊಡುವುದು 16,500, ನಿಮ್ಮ ಕೈಯಿಂದ 9,500. ಊರಿನಲ್ಲಿ ಬಂಪರ್ ಟು ಬಂಪರ್ ಎನ್ನುವ ಜೀರೊ ಡೆಪ್ ಕವರ್ ಇದ್ದರೆ ಸವಕಳಿಯ ಕಡಿತವಿಲ್ಲ, ಕೈಯಿಂದ ಹೋಗುವುದು 1,000 ಮಾತ್ರ.

ಬೋನಸ್ಸಿನ ಲೆಕ್ಕ ಇನ್ನೂ ಬಾಕಿ ಇದೆ. ಅದು 20, 25, 35, 45, 50 ಎಂದು ಮೆಟ್ಟಿಲು ಹತ್ತುತ್ತದೆ, ಒಂದು ಕ್ಲೈಮ್ ಆದರೆ ಸೊನ್ನೆಗೆ ಇಳಿಯುತ್ತದೆ. ಬರುವ ವರ್ಷ 45 ಸಿಗಬೇಕಾಗಿದ್ದವರ ಓನ್ ಡ್ಯಾಮೇಜ್ 7,000 ರೂಪಾಯಿ ಎಂದುಕೊಂಡರೆ, ಈ ಕ್ಲೈಮ್‌ನಿಂದ ಮೊದಲ ವರ್ಷ 3,150, ಮರುವರ್ಷ 2,100, ಮೂರನೆಯ ವರ್ಷ 1,750 ಹೋಗುತ್ತದೆ. ಈ ಮೂರು ವರ್ಷಕ್ಕೆ ಒಟ್ಟು 7,000. ಆದ್ದರಿಂದ ಐದಾರು ಸಾವಿರದ ತರಚು ಗಾಯಕ್ಕೆ ಕ್ಲೈಮ್ ಹಾಕುವುದು ಕೈಯಾರೆ ನಷ್ಟ ಮಾಡಿಕೊಂಡಂತೆ. ಬೋನಸ್ಸು ಕಾರಿನದ್ದಲ್ಲ, ಮಾಲೀಕನದ್ದು ಎಂಬುದೂ ಹಲವರಿಗೆ ಗೊತ್ತಿಲ್ಲ. ಹಳೆ ಕಾರು ಮಾರುವಾಗ ಕಂಪನಿಯಿಂದ ಬೋನಸ್ ಪತ್ರ ಪಡೆದು ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು, ಮೂರು ವರ್ಷದವರೆಗೆ ಅದು ನಡೆಯುತ್ತದೆ. ದುಬೈಗೆ ಹೋಗುವ ಮೊದಲು ಕಾರು ಮಾರಿ, ಎರಡು ವರ್ಷ ಬಿಟ್ಟು ಬಂದು ಹೊಸದು ಕೊಂಡವರಿಗೂ ಸಿಗುತ್ತದೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಬೋನಸ್ ಹೋಯಿತು.

ಕಾರು ಎಷ್ಟು ಓಡುತ್ತದೆ, ಯಾರು ಓಡಿಸುತ್ತಾರೆ ಎಂಬುದನ್ನು ದರಕ್ಕೆ ಹೊಂದಿಸುವ ಬಾಗಿಲನ್ನು ಐಆರ್‌ಡಿಎಐ 2022ರ ಜುಲೈನಲ್ಲಿ ತೆರೆಯಿತು. ಓಡಿದಷ್ಟಕ್ಕೆ ಹಣ, ಓಡಿಸುವ ರೀತಿಗೆ ಹಣ, ಒಬ್ಬರದೇ ಹಲವು ವಾಹನಗಳಿಗೆ ಒಂದೇ ಪಾಲಿಸಿ ಎಂಬ ಮೂರು ಬಗೆ. ಮಕ್ಕಳು ಗಲ್ಫಿನಲ್ಲಿದ್ದು, ಮನೆಯಲ್ಲಿ ಹಿರಿಯರು ಮಾತ್ರ ಇರುವ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಕಾರು ತಿಂಗಳಿಗೆ ಎರಡು ಸಲ ದೇವಸ್ಥಾನಕ್ಕೆ, ಒಂದು ಸಲ ಆಸ್ಪತ್ರೆಗೆ ಹೋಗಿ ಬರುತ್ತದೆ. ಓಡಿದಷ್ಟಕ್ಕೆ ಕಟ್ಟುವ ಪಾಲಿಸಿ ಹೇಳಿ ಮಾಡಿಸಿದ್ದು ಇಂಥವರಿಗೆ. ಏಜೆಂಟರು ತಾವಾಗಿ ಇದನ್ನು ಹೇಳುವುದು ಕಡಿಮೆ. ಪ್ರೀಮಿಯಂ ಇಳಿದರೆ ಕಮಿಷನ್ನೂ ಇಳಿಯುತ್ತದೆ. ನೀವೇ ಕೇಳಬೇಕು.

ವಾಹನ ವಿಮೆಯೂ ಸೇರಿದಂತೆ ದೇಶದ ವಿಮಾ ಪಾಲಿಸಿ, ಕ್ಲೈಮ್‌ಗಳ ಮಾಹಿತಿ ಕಲೆಹಾಕಲು ಹೈದರಾಬಾದಿನಲ್ಲಿ 2009ರಿಂದ ವಿಮಾ ಮಾಹಿತಿ ಬ್ಯೂರೊ ಇದೆ. ಜರ್ಮನಿಯಂತೆ ಮಾಡೆಲ್‌ವಾರು, ಜಿಲ್ಲೆವಾರು ದರ್ಜೆ ಪ್ರಕಟಿಸಲು ಬೇಕಾದ ಕಚ್ಚಾ ಲೆಕ್ಕವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಐಆರ್‌ಡಿಎಐ ಒಂದು ಆದೇಶ ಹೊರಡಿಸಿದರೆ ಶೋರೂಮ್‌ನಲ್ಲಿ ಮೈಲೇಜ್ ಪಕ್ಕದಲ್ಲೇ ವಿಮಾ ದರ್ಜೆಯೂ ಇರುತ್ತದೆ, ಬಂಪರನ್ನು ಅಗ್ಗವಾಗಿ ಬದಲಾಯಿಸುವಂತೆ ಮಾಡಿದ ಕಾರು ಕಂಪನಿಗೆ ಅದರ ಲಾಭವೂ ಸಿಗುತ್ತದೆ. ಥರ್ಡ್ ಪಾರ್ಟಿಗೂ ಕ್ಲೈಮ್‌ನ ಚರಿತ್ರೆಯನ್ನು ಹೊಂದಿಸಬೇಕು. ಅಲ್ಲಿಯವರೆಗೆ ಕೊಳ್ಳುವವರು ಒಂದು ಕೆಲಸ ಮಾಡಬಹುದು. ಬುಕಿಂಗ್ ಹಣ ಕೊಡುವ ಮೊದಲು, ಮನಸ್ಸಿನಲ್ಲಿರುವ ಎರಡು ಮೂರು ಮಾಡೆಲ್‌ಗಳಿಗೂ ಒಂದೇ ಐಡಿವಿ, ಒಂದೇ ಕವರ್, ಕೆಎ-20 ನೋಂದಣಿ ಹಾಕಿ ಕೊಟೇಶನ್ ತರಿಸಿಕೊಳ್ಳಿ. ಶೋರೂಮ್ ಕೊಡುವ ಪಾಲಿಸಿಯನ್ನೇ ತೆಗೆದುಕೊಳ್ಳಬೇಕೆಂಬ ಕಾನೂನು ಇಲ್ಲ. ಓನ್ ಡ್ಯಾಮೇಜ್ ಸಾಲಿನಲ್ಲಿ ಡಿಸ್ಕೌಂಟ್ ಎಷ್ಟಿದೆ ಎಂದು ನೋಡಿ, ಕಡಿಮೆ ಇದ್ದರೆ ಯಾಕೆಂದು ಬರವಣಿಗೆಯಲ್ಲಿ ಕೇಳಿ.